ಕಣ್ಣು ಕಟ್ಟಿ ಬಂಡೆ ಹತ್ತುವ ಪರೀಕ್ಷೆ

ಇದು ನಡೆದದ್ದು ೧೯೮೪ರ ಡಿಸೆಂಬರಿನಲ್ಲಿ, ಬಾದಾಮಿಯ ಬಂಡೆ ಹತ್ತುವ ಶಿಬಿರದಲ್ಲಿ. ಕೆಳಗೆ ನಿಂತು ಹಗ್ಗ ಹಿಡಿಯುವುದು, ತುದಿ ಮುಟ್ಟಿದವರ ಪಟ್ಟಿ ಬರೆಯುವುದು ನನ್ನ ಕೆಲಸ.

ಇಳಕಲ್ಲಿನಲ್ಲಿ ಮಗ್ಗಕ್ಕೆ ನೂಲು ಸುತ್ತುವ ಈರಣ್ಣ ನನ್ನ ವಾರಿಗೆಯವನು, ಹುಟ್ಟುಕುರುಡ. ಬಂಡೆ ಹತ್ತಲೆಂದೇ ಬಂದಿದ್ದ. ಬೆಂಗಳೂರಿನ ತರಬೇತುದಾರರು ಅವನನ್ನು ಎರಡು ದಿನ ನೆರಳಿನಲ್ಲಿ ಸುಮ್ಮನೆ ಕೂಡಿಸಿದರು. ಮೂರನೆಯ ದಿನ ಉಳಿದ ಹನ್ನೆರಡು ಮಂದಿಯ ಕಣ್ಣಿಗೆ ಬಟ್ಟೆ ಕಟ್ಟಿಸಿ, "ಕಣ್ಣು ನಂಬಬೇಡಿ, ಕೈಕಾಲು ನಂಬಿ," ಎಂದರು. ಹತ್ತು ಮಂದಿ ನಡುವೆಯೇ ಬಟ್ಟೆ ಕಿತ್ತುಹಾಕಿದರು. ಇಬ್ಬರು ತುದಿ ಮುಟ್ಟಿದರು.

ಈರಣ್ಣ ಎದ್ದು ಬಂದ. "ಸರ್, ನನಗ ಅರಿವಿ ಕಟ್ಟೂ ತ್ರಾಸೂ ಇಲ್ಲ. ಬಿಡ್ರಿ."

"ನೀನು ಬಿದ್ದರೆ?"

"ಇವ್ರು ಬಿದ್ದಿದ್ರ ಏನ್ ಮಾಡ್ತಿದ್ರಿ?"

"ಹಗ್ಗ ಇತ್ತಲ್ಲ."

"ನನಗೂ ಅದ ಹಗ್ಗ ಸಾಕ್ರಿ."

"ಕುರುಡರಿಗೆ ಅವಕಾಶವಿಲ್ಲ. ನಿಯಮ," ಎಂದು ಅವರು ಚಹಾ ಕುಡಿಯಲು ಹೋದರು.

ನನಗೆ ಮೈಯೆಲ್ಲ ಉರಿಯಿತು. ಈರಣ್ಣನ ಸೊಂಟಕ್ಕೆ ಹಗ್ಗ ಬಿಗಿದೆ. ಅವನು ಬೆರಳಿನಿಂದ ಬಂಡೆಯ ಸಂದುಗಳನ್ನು ತಡವುತ್ತ, ಒಮ್ಮೆಯೂ ಜಾರದೆ ತುದಿಗೆ ಹೋಗಿ ಕೂತ.

"ಬರ್ರೆಪಾ, ಮ್ಯಾಲ ಗಾಳಿ ಭಾಳ ಚಲೋ ಐತಿ!" ಎಂದು ಕೆಳಗಿನವರನ್ನು ಕರೆದ.

ಅವನ ಹೆಸರನ್ನು ನಾನು ಪಟ್ಟಿಗೆ ಸೇರಿಸಿದೆ. ತರಬೇತುದಾರರು ಬಂದವರೇ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.

ಅಂದು ತುದಿ ಮುಟ್ಟಿದವರು ಮೂವರು. ಪಟ್ಟಿಯ ಪ್ರಕಾರ ಇಬ್ಬರು.