ಏನೂ ಆಗಲ್ಲ, ಬಿಡಿ

ಭಾರವಾದದ್ದನ್ನು ನೆಲದಿಂದ ಮೇಲೆತ್ತಲು ಕಲಿತ ದಿನವೇ ಮನುಷ್ಯ ಪ್ರಾಣಿವರ್ಗದಿಂದ ಬೇರೆಯಾದನೆಂದು ನಾನು ಬಲವಾಗಿ ನಂಬಿದ್ದೇನೆ. ಎತ್ತಿದ ಭಾರದ ಅಡಿಗೆ ಹೋಗಿ ಅಂಗಾತ ಮಲಗಬಾರದೆಂಬ ತಿಳಿವಳಿಕೆ ಮಾತ್ರ ಆ ಗಡಿಬಿಡಿಯಲ್ಲಿ ಪ್ರಾಣಿವರ್ಗದಲ್ಲೇ ಉಳಿದುಬಿಟ್ಟಿತು. ಜಾಕ್ ಹಾಕಿದ ಕಾರಿನ ಕೆಳಗೆ ಯಾವ ಎಮ್ಮೆಯೂ ತೂರಿದ್ದನ್ನು ನಾನು ಕಂಡಿಲ್ಲ. ನನ್ನ ಷಡ್ಡಕ ತೂರಿದ್ದನ್ನು ಕಂಡಿದ್ದೇನೆ.

ಇವತ್ತು ಬೆಳಿಗ್ಗೆ ಹಿತ್ತಲ ಶೆಡ್ಡಿನಲ್ಲಿ ಗುಲಾಬಿ ಗಿಡದ ಕತ್ತರಿ ಹುಡುಕುವಾಗ ಆ ದಿನದ ಒಂದು ಜೊತೆ ಕೈಗವಸು ಸಿಕ್ಕಿತು. ಮೂಗಿಗೆ ಹಿಡಿದೆ. ಯಾಕೆ ಹಿಡಿದಿರಿ ಎಂದು ಕೇಳಬೇಡಿ. ಒಂದು ವಯಸ್ಸು ದಾಟಿದ ಮೇಲೆ ಸಿಕ್ಕಿದ್ದನ್ನೆಲ್ಲ ಮೂಸಿ ನೋಡುವುದು ಅಭ್ಯಾಸವಾಗುತ್ತದೆ. ಹಳೆಯ ಎಂಜಿನ್ ಆಯಿಲಿನ ವಾಸನೆ. ವರ್ಷಗಳಾದರೂ ಅದು ಹೋಗಿಲ್ಲ. ನನ್ನ ಸಿಟ್ಟೂ ಹೋಗಿಲ್ಲ.

ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಈ ಸಂಬಂಧಕ್ಕೆ ಇಂಗ್ಲಿಷಿನವರು ಒಂದು ಹೆಸರನ್ನೂ ಇಟ್ಟಿಲ್ಲ; ಪುಣ್ಯವಂತರು, ಅವರಿಗೆ ಅದರ ಅಗತ್ಯ ಬಿದ್ದಿಲ್ಲ. ನನ್ನ ಷಡ್ಡಕನ ಹೆಸರು ಪ್ರಸನ್ನ. ಸದಾ ಪ್ರಸನ್ನನೇ, ಅದೇ ತೊಂದರೆ. ತಲೆಗೂದಲು ಒಂದೊಂದಾಗಿ ರಾಜೀನಾಮೆ ಕೊಡತೊಡಗಿದ ಕಾಲಕ್ಕೆ ಆತ ಸೆಕೆಂಡ್‌ಹ್ಯಾಂಡಿನಲ್ಲಿ ಒಂದು ಕೆಂಪು ಸ್ಪೋರ್ಟ್ಸ್ ಕಾರು ಕೊಂಡ. ಇಬ್ಬರೇ ಕೂರುವಂಥದ್ದು. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಅದರೊಳಗೆ ಕೂರಬೇಕಾದರೆ ಸಾಷ್ಟಾಂಗ ನಮಸ್ಕಾರಕ್ಕೂ ಜಾರಿ ಬೀಳುವುದಕ್ಕೂ ನಡುವಿನ ಒಂದು ಆಸನ ಹಾಕಬೇಕು. ಮೊದಲ ಆಯುಧಪೂಜೆಯಂದು ಮುಂದಿನ ಬಂಪರ್ ನಿಂಬೆಹಣ್ಣನ್ನು ಚಕ್ರದ ತನಕ ಬಿಡಲೇ ಇಲ್ಲ, ತಾನೇ ತಳ್ಳಿಕೊಂಡು ಹೋಯಿತು. ಅದನ್ನೂ ಆತ ಶುಭವೆಂದೇ ತಿಳಿದ.

ಆತನದು ಮೂರನೇ ಮಹಡಿಯ ಫ್ಲಾಟು. ಕಾರಿನ ಆಯಿಲ್ ಬದಲಾಯಿಸಲು ಜಾಗವಿಲ್ಲ. ಇಂಗ್ಲಿಷಿನವರ ನಾಡಿನ ಎಜ್‌ವೇರ್‌ನಲ್ಲಿರುವ ನಮ್ಮ ಮನೆಯ ಮುಂದೆ ಸಮತಟ್ಟಾದ ಡಾಂಬರು ಜಾಗವಿದೆ. ಹೀಗಾಗಿ ಒಂದು ಶನಿವಾರ ಬೆಳಿಗ್ಗೆ ಕಾರು, ಆಯಿಲ್ ಡಬ್ಬಿ, ಎರಡು ಇಟ್ಟಿಗೆ ಸಮೇತ ಪ್ರಸನ್ನ ಬಂದಿಳಿದ.

"ಇಟ್ಟಿಗೆ ಯಾಕೋ?"

"ಸಪೋರ್ಟಿಗೆ ಭಾವ. ಜಾಕೇ ಸಾಕು, ನಿಮ್ಮ ಸಮಾಧಾನಕ್ಕೆ ತಂದೆ."

ಕಾರಿನಡಿ ಇಟ್ಟಿಗೆ ಇಡುವ ಮನುಷ್ಯನಿಗೆ ಇಟ್ಟಿಗೆ ಹೇಗೆ ಒಡೆಯುತ್ತದೆಂದು ಗೊತ್ತಿಲ್ಲವೇ? ಪುಡಿಪುಡಿಯಾಗಿ, ಎಚ್ಚರಿಕೆಯನ್ನೇ ಕೊಡದೆ! ನಾನು ಸುಮ್ಮನಿರಲಿಲ್ಲ. ಇಂಥ ವಿಷಯದಲ್ಲಿ ನಾನು ಸುಮ್ಮನಿದ್ದ ದಾಖಲೆಯಿಲ್ಲ. ಮಿಕ್ಸಿಯ ಜೊತೆ ಬಂದ ಕೈಪಿಡಿಯನ್ನು ಪೋರ್ಚುಗೀಸ್ ಪುಟಗಳೂ ಸೇರಿದಂತೆ ತಿರುವಿಹಾಕುವವನು ನಾನು. "ಇವರು ಟೀಪಾಯಿ ಸರಿಸೋಕೂ ರಿಸ್ಕ್ ಅಸೆಸ್‌ಮೆಂಟ್ ಮಾಡ್ತಾರೆ," ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಮಾಡುತ್ತೇನೆ. ಟೀಪಾಯಿಗೆ ಗಾಜಿದೆ.

ನನ್ನ ವಿಧಾನ ಇಷ್ಟು. ಕಾರು ತಗ್ಗು, ಜಾಕ್ ಅಡಿಗೆ ಹೋಗದು. ಆದ್ದರಿಂದ ಮೊದಲು ಮುಂದಿನ ಚಕ್ರಗಳನ್ನು ದಪ್ಪ ಹಲಗೆಯ ಮೇಲೆ ಹತ್ತಿಸಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಬೇಕು. ಕೈಪಿಡಿ ತೋರಿಸಿದ ಗಟ್ಟಿ ಜಾಗಕ್ಕೇ ಜಾಕ್ ಹಾಕಬೇಕು, ಕೈಗೆ ಸಿಕ್ಕಿದ ತಗಡಿಗಲ್ಲ. ಎತ್ತಿದ ಮೇಲೆ ಎರಡೂ ಬದಿಗೆ ಉಕ್ಕಿನ ಸ್ಟ್ಯಾಂಡ್ ಇಟ್ಟು, ಜಾಕನ್ನು ನಿಧಾನ ಇಳಿಸಿ, ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಒಮ್ಮೆ ಅಲುಗಾಡಿಸಿ ನೋಡಿ, ಆಮೇಲೆ ಮನುಷ್ಯ ಒಳಗೆ. ಇದನ್ನು ನಾನು ವಿವರಿಸುತ್ತಿದ್ದಷ್ಟು ಹೊತ್ತು ಪ್ರಸನ್ನ ಫೋನಿನಲ್ಲಿ ಕಾರಿನ ಫೋಟೋ ತೆಗೆಯುತ್ತಿದ್ದ.

ಜಾಕಿನ ಹಿಡಿಯ ಬಳಿ ನಿಂತದ್ದು ಎದುರು ಮನೆಯ ಫೆಲಿಕ್ಸ್. ಉಡುಪಿ ಕಡೆಯವರು, ಮನೆಮಾತು ಕೊಂಕಣಿ. ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ಮೆಷಿನ್ ಪಕ್ಕ ಕೆಲಸ. ಅಲ್ಲಿ ಹೇಳಿದ್ದನ್ನು ಹೇಳಿದ ಕ್ಷಣ ಮಾಡಬೇಕು, ಅರ್ಥ ಕೆದಕುತ್ತ ಕೂರುವಂತಿಲ್ಲ. "ಫೆಲಿಕ್ಸ್, 'ಬಿಡಿ' ಅಂದಾಗ ಹಿಡಿ ತಿರುಗಿಸಿ, ಜಾಕ್ ಇಳಿಯುತ್ತೆ," ಎಂದು ನಾನೇ ಹೇಳಿಕೊಟ್ಟೆ. ನಿಮ್ಮ ಪದವೇ ತಪ್ಪು ಎಂದು ಆಮೇಲೆ ಅನೇಕರು ನನಗೆ ಬುದ್ಧಿ ಹೇಳಿದರು. ಜಾಕ್ ಇಳಿಸಲು ಕನ್ನಡದಲ್ಲಿ ಮತ್ತೇನು ಹೇಳಬೇಕಿತ್ತು? ವಿಸರ್ಜಿಸಿ ಎನ್ನಬೇಕಿತ್ತೇ?

ಕಾರು ಮೇಲೆದ್ದಿತು. ಸ್ಟ್ಯಾಂಡ್ ಬೇಡ, ಅದನ್ನಿಡುವಷ್ಟರಲ್ಲಿ ಆಯಿಲೇ ಬಸಿದುಹೋಗುತ್ತೆ ಎಂಬ ಪ್ರಸನ್ನನ ಗೊಣಗಾಟದ ನಡುವೆ ಎಡಗಡೆಯದನ್ನಿಟ್ಟೆ. ಸುತ್ತುಬಂದು ಬಲಗಡೆಯದನ್ನಿಟ್ಟೆ. ತಲೆಯೆತ್ತಿ ನೋಡಿದರೆ ಆತ ಇಲ್ಲ. ಕಾರಿನಡಿಯಿಂದ ಎರಡು ಕಾಲು ಹೊರಗೆ ಚಾಚಿವೆ.

"ಪ್ರಸನ್ನ! ಹೊರಗೆ ಬಾ! ಇನ್ನೂ ಸ್ಟ್ಯಾಂಡಿನ ಮೇಲೆ ಕೂತಿಲ್ಲ ಅದು!"

ಒಳಗಿನಿಂದ ಹಾಯಾದ ದನಿ ಬಂತು: "ಅಯ್ಯೋ ಭಾವ, ಏನೂ ಆಗಲ್ಲ, ಬಿಡಿ!"

ಫೆಲಿಕ್ಸ್ ಬಿಟ್ಟರು.

ನಮ್ಮ ಬೆಂಗಳೂರು, ಮೈಸೂರಿನವರ ಬಾಯಲ್ಲಿ ಈ 'ಬಿಡಿ'ಗೆ ಅರ್ಥವೇ ಇಲ್ಲ. ಚೆನ್ನಾಗಿದೆ ಬಿಡಿ, ಆಯ್ತು ಬಿಡಿ, ಅವರ ಕಥೆ ಬಿಡಿ. ವಾಕ್ಯದ ಬಾಲಕ್ಕೆ ಕಟ್ಟಿದ ಕುಚ್ಚು ಅದು. ಕೈಯಲ್ಲಿ ಹಿಡಿ ಹಿಡಿದು ನಿಂತವನಿಗೆ ಅದು ಕುಚ್ಚಲ್ಲ, ಆಜ್ಞೆ. ಕಾರು ದಡ್ಡನೆ ಕುಸಿದು ಎರಡು ಸ್ಟ್ಯಾಂಡುಗಳ ಮೇಲೆ ಕೂತಿತು. ಕಾಲುಗಳು ಅಲುಗಲಿಲ್ಲ. ನಾನು ಕಿರುಚಿದೆ, ಏನೆಂದು ಕಿರುಚಿದೆನೋ ತಿಳಿಯದು. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಬಾಗಿಲು ತೆರೆದು, "ಆಲ್‌ರೈಟ್, ಲವ್?" ಎಂದಳು.

ಪ್ರಸನ್ನ ತೆವಳುತ್ತ ಹೊರಬಂದ. ಮೂಗಿನ ಮೇಲೆ ಒಂದು ಹನಿ ಆಯಿಲ್, ಅಷ್ಟೆ.

"ಎಂತ ಮಾರಾಯ್ರೆ, ನೀವೇ ಬಿಡಿ ಅಂದದ್ದಲ್ವಾ, ಬಿಟ್ಟೆ," ಎಂದರು ಫೆಲಿಕ್ಸ್. ಮನೆಗೆ ಹೋದವರು ಎರಡು ದಿನ ಮುಖ ತೋರಿಸಲಿಲ್ಲ.

ಪ್ರಸನ್ನನೋ? ಮೈ ಕೊಡವಿಕೊಂಡು ಹೇಳಿದ: "ನೋಡಿದ್ರಾ? ನಾನು ಹೇಳ್ಲಿಲ್ವಾ? ಏನೂ ಆಗ್ಲಿಲ್ಲ."

ಓದುಗರೇ, ಈ ತರ್ಕವನ್ನು ನೀವೇ ನೋಡಿ. ಸ್ಟ್ಯಾಂಡ್ ಬೇಡವೆಂದವನು ಸ್ಟ್ಯಾಂಡಿನಿಂದ ಬದುಕಿದ. ಬದುಕಿದ್ದರಿಂದಲೇ ಸ್ಟ್ಯಾಂಡ್ ಬೇಡವಾಗಿತ್ತೆಂದು ಸಾಬೀತಾಯಿತು. ಇಂಥವನ ಜೊತೆ ವಾದ ಮಾಡುವುದು ಹೇಗೆ? ಸತ್ತಿದ್ದರೆ ಗೆಲ್ಲುತ್ತಿದ್ದೆ. ಅಂಥ ಗೆಲುವು ನನಗೆ ಬೇಕಿರಲಿಲ್ಲ.

ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ಊಟ. ಸೌತ್‌ಹಾಲ್‌ನಿಂದ ತಂದ ಎಳೆ ತೊಂಡೆಕಾಯಿಯ ಪಲ್ಯ. ಪ್ರಸನ್ನ ಕಥೆ ಶುರುಮಾಡಿದ. ಅವನ ಕಥೆಯಲ್ಲಿ ಫೆಲಿಕ್ಸ್ ವಿದೂಷಕ, ನಾನು ಕಿರುಚುವ ಮುದುಕ, ಸ್ಟ್ಯಾಂಡಿನ ಪ್ರಸ್ತಾಪವೇ ಇಲ್ಲ. ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ನಾನು ಸಾರಿನ ಸೌಟು ಹಿಡಿದೇ ಎದ್ದು ನಿಂತೆ.

"ಏನೂ ಆಗಲಿಲ್ಲ ಅಂತೀಯಲ್ಲ! ತಾನಾಗೇ ಆಗದೇ ಹೋಯ್ತಾ ಅದು?"

"ಭಾವ, ಸಾರು ತೊಟ್ಟಿಕ್ತಾ ಇದೆ."

"ತೊಟ್ಟಿಕ್ಕಲಿ!"

ನಗು ಜೋರಾಯಿತು. ನಗದೆ ಇದ್ದವಳು ಪ್ರಸನ್ನನ ಹೆಂಡತಿ ಸುಮಾ ಒಬ್ಬಳೇ.

"ಕಾರು ಕೂತ ಮೇಲೆ ಇವರ ಎದೆಗೂ ಅದಕ್ಕೂ ಎಷ್ಟು ಜಾಗ ಇತ್ತು ಭಾವ?"

ನಾನು ನಾಲ್ಕು ಬೆರಳು ಅಡ್ಡ ಹಿಡಿದು ತೋರಿಸಿದೆ.

"ಸ್ಟ್ಯಾಂಡ್ ಇಲ್ದಿದ್ರೆ?"

ಬೆರಳು ಮಡಚಿದೆ.

ಸುಮಾ ಎದ್ದಳು. ತನ್ನ ನಾಲ್ಕು ಬೆರಳನ್ನು ಗಂಡನ ಎದೆಯ ಮೇಲೆ ಅಡ್ಡಡ್ಡ ಇಟ್ಟು ನೋಡಿದಳು. ಆತ, "ಏನೇ ಇದು, ಎಲ್ಲರ ಮುಂದೆ," ಎಂದು ನಗಲು ಹೊರಟವನು ಅವಳ ಮುಖ ನೋಡಿ ನಿಲ್ಲಿಸಿದ. ಪಲ್ಯ ಯಾರಿಗೂ ರುಚಿಸಲಿಲ್ಲ.

ಅಂದಿನಿಂದ ಕಾರು ಗ್ಯಾರೇಜಿಗೆ ಹೋಗುತ್ತದೆ. ಇವತ್ತು ಮಧ್ಯಾಹ್ನ ಮೊದಲ ಸಲ ನಾನೂ ಜೊತೆಗೆ ಹೋದೆ. ಕಾರು ದೊಡ್ಡ ಲಿಫ್ಟಿನ ಮೇಲೆ ಏರುತ್ತಿದ್ದಂತೆ ಪ್ರಸನ್ನ ಬಗ್ಗಿ ಅಡಿಗೆ ಇಣುಕಲು ಹೊರಟ. ನಾನು ಬಾಯಿ ತೆರೆಯುವ ಮೊದಲೇ ಮೆಕ್ಯಾನಿಕ್ ಹೆಂಗಸು ತಲೆಯನ್ನೂ ಎತ್ತದೆ, "ಬಿಹೈಂಡ್ ದ ಲೈನ್, ಪ್ಲೀಸ್," ಎಂದಳು. ನನ್ನ ಒಂದು ಗಂಟೆಯ ಉಪನ್ಯಾಸಕ್ಕೆ ಫೋಟೋ ತೆಗೆಯುತ್ತ ನಿಂತಿದ್ದ ಅದೇ ಮನುಷ್ಯ, ಒಂದೇ ಮಾತಿಗೆ "ಸಾರಿ, ಸಾರಿ" ಎಂದ! ಮೈ ಉರಿಯಿತು.

ಆತ ಹಳದಿ ಗೆರೆಯ ಹಿಂದೆ ಹೋಗಿ ನಿಂತ. ಆಯಿಲ್ ಬದಲಾಯಿತು.