ಎರಡು ಕಡೆಯಿಂದ ಬಂದ ಸಿಳ್ಳೆ

ಇಚಿಲಂಪಾಡಿಯ ಕಾಡಿನಲ್ಲಿ ಸಂಜೆ ಮೊಮ್ಮಗಳು ಕಾಣದಾದಾಗ ನಾನು ಅವಳ ಸಿಳ್ಳೆ ಹಾಕಿದೆ. ಕಾಡಿನಲ್ಲಿ ಹೆಸರು ಹಿಡಿದು ಕರೆಯಬಾರದೆಂದು ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಿಳ್ಳೆ ಉಂಟು. ಯಾರನ್ನು ಕರೆಯಬೇಕೋ ಅವರ ಸಿಳ್ಳೆ ಹಾಕುವುದು ಕ್ರಮ.

ಕೆಳಗೆ ಹರಿಯುವ ತೋಡಿನ ಕಡೆಯಿಂದ ಅವಳದೇ ಸಿಳ್ಳೆ ತಿರುಗಿ ಬಂತು. ಅತ್ತ ಓಡುವಷ್ಟರಲ್ಲಿ ಗುಡ್ಡದ ಮೇಲಿನಿಂದ ಸಣ್ಣಗೆ ನನ್ನ ಸಿಳ್ಳೆ ಕೇಳಿತು. ಅಜ್ಜನನ್ನು ಕರೆಯುವ ಮಗು ಅಲ್ಲೇ ಇರಬೇಕೆಂದು ಗುಡ್ಡ ಹತ್ತಿದೆ. ಬಂಡೆಯ ಹಿಂದೆ ಮುದುಡಿ ಕುಳಿತಿದ್ದಳು.

“ಅಜ್ಜ, ತೋಡಿನಲ್ಲಿ ನನ್ನ ಸಿಳ್ಳೆ ಹಾಕುದು ಯಾರು?”

“ಎಂತದೂ ಇಲ್ಲ ಮಗಾ, ನೀನು ಓಗೊಡಬೇಡ.”

ಕಡಲಿನ ಡಾಲ್ಫಿನ್‌ಗಳೂ ಹೀಗೆಯೇ ಸಿಳ್ಳೆಯಲ್ಲಿ ಕರೆದುಕೊಳ್ಳುತ್ತವೆಂದು ಮೊನ್ನೆ ಅವಳೇ ಪತ್ರಿಕೆ ಓದಿ ಹೇಳಿದಾಗ ನನಗೆ ಸಂತೋಷವಾಯಿತು. ಕಾಡಿನಲ್ಲಿ ಸಿಕ್ಕ ಆ ಸಂಜೆಯೇ ಅವಳಿಗೆ ನಾನು ಹೊಸ ಸಿಳ್ಳೆ ಕಲಿಸಿದ್ದೆ. ಹಳೆಯದು ಈಗಲೂ ಕೆಲವು ಸಂಜೆ ತೋಡಿನ ಕಡೆಯಿಂದ ಕೇಳುತ್ತದೆ.