ಖಾಲಿ ಸ್ಟ್ರಿಪ್ಪಿಗೆ ಮಾತ್ರೆ ಕೊಡದವರು

ನಾಗಪುರದ ನಮ್ಮ ಬೀದಿಯಲ್ಲಿದ್ದ ಮೆಡಿಕಲ್ ಶಾಪಿನವರು ಧಾರವಾಡದ ಕಡೆಯವರು. ಇಲ್ಲಿ ಎಲ್ಲರೂ ಖಾಲಿ ಸ್ಟ್ರಿಪ್ ತೋರಿಸಿ ಮಾತ್ರೆ ಕೊಳ್ಳುತ್ತಾರೆ. ಅಮಲೇರಿಸುವ ನೋವಿನ ಮಾತ್ರೆಗೂ ಅದೇ ರೂಢಿ. ಇವರು ಮಾತ್ರ ಕನ್ನಡಕ ಹಣೆಗೇರಿಸಿ, "ಇದು ಬರೇ ಸಿಪ್ಪಿ ಐತ್ರಿ, ಡಾಕ್ಟರ್ ಚೀಟಿ ಎಲ್ಲೈತಿ?" ಎನ್ನುವರು. ನನ್ನ ಮಂಡಿನೋವಿಗೂ ನೋ ಮರ್ಸಿ!

ಹಿಂಗಣಾ ಫ್ಯಾಕ್ಟರಿಯ ಕೆಲಸಗಾರನೊಬ್ಬ ಆ ಮಾತ್ರೆಗೆ ದಾಸನಾಗಿದ್ದ. ಇವರು ಕೊಡುವುದಿಲ್ಲವೆಂದರೆ ನಗುತ್ತಾ ಎದುರಿನ ಔಷಧದಂಗಡಿಗೆ ದಾಟುತ್ತಿದ್ದ.

"ಅಕ್ಕಾರ, ನಾ ಒಬ್ಬಾಂವ ಕೊಡಾಂಗಿಲ್ಲ ಅಂದ್ರ ಅಂವ ಉಳೀತಾನೇನ್ರಿ? ಕಾಯ್ದೆನ ಬರಬೇಕು," ಎಂದು ಸರ್ಕಾರಕ್ಕೆ ಮತ್ತೊಂದು ಅರ್ಜಿ ಬರೆಯುತ್ತಿದ್ದರು. ಹೌ ಸ್ಟಬರ್ನ್!

ಕೊನೆಗೂ ಕಾಯ್ದೆ ಬಂತು. ಚೀಟಿಯಿಲ್ಲದೆ ಆ ಮಾತ್ರೆ ಮಾರುವುದು ಅಪರಾಧವಾಯಿತು. ಮರುದಿನ ಬೆಳಿಗ್ಗೆ ಎದುರಂಗಡಿಯವನೂ ಇಲ್ಲವೆಂದು ತಲೆಯಾಡಿಸಿದ. ಕೆಲಸಗಾರ ನಡುಗುತ್ತಾ ರಸ್ತೆ ದಾಟಿ ಇತ್ತ ಬಂದ.

"ಕಾಕಾ, ಅಬ್ ಕ್ಯಾ ಕರೂಂ?"

"ದವಾಖಾನೆ ಚಲೇಂಗೆ, ಬೇಟಾ. ಪೀಛೆ ಬೈಠ್."

ಹಾಡುಹಗಲೇ ಶಟರ್ ಎಳೆದು, ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟರು. ಅವರ ಬೆನ್ನನ್ನು ಅಷ್ಟು ನೆಟ್ಟಗೆ ನಾನೆಂದೂ ಕಂಡಿರಲಿಲ್ಲ. ನಾನು ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕಾನ್ವೆಂಟಿನ ಸ್ಪೋರ್ಟ್ಸ್ ಡೇಯ ಹುಡುಗಿಯಂತೆ, ನಡುಬೀದಿಯಲ್ಲಿ ಚಪ್ಪಾಳೆ ತಟ್ಟಿದೆ.